ಗುರುತು ಬರೆಯುವ ಜಾಗ

ಆಫೀಸಿನಲ್ಲಿ ಅವಳಿಗೆ ಪಟ್ಟಿಯಕ್ಕ ಎಂದು ಹೆಸರು ಬಿದ್ದು ಹತ್ತು ವರ್ಷವಾಗಿತ್ತು. ಯಾವ ಕೆಲಸ ಬಂದರೂ ಮೊದಲು ಪಟ್ಟಿ, ಆಮೇಲೆ ಮಾತು. ಚಿಕ್ಕವರು ಪ್ರೀತಿಯಿಂದ ಹಾಗೆ ಕರೆಯುತ್ತಿದ್ದರು, ವಾರಿಗೆಯವರು ಸ್ವಲ್ಪ ಹೊಟ್ಟೆಯುರಿಯಿಂದ. ಅವಳು ಕೈಗೆತ್ತಿಕೊಂಡ ಯಾವ ತಂತ್ರಾಂಶವೂ ಹೇಳಿದ ದಿನಕ್ಕಿಂತ ಒಂದು ದಿನ ತಡವಾಗಿ ಹೋದದ್ದಿಲ್ಲ ಎಂಬುದು ಆ ಮಹಡಿಗೆಲ್ಲ ಗೊತ್ತಿದ್ದ ಸಂಗತಿ. ಮನೆಯಲ್ಲೂ ಅದೇ ಕಥೆ. ಫ್ರಿಜ್ಜಿನ ಬಾಗಿಲಿಗೆ ಮಗಳ ಶಾಲೆಯದೊಂದು, ದಿನಸಿಯದೊಂದು, ರಿಪೇರಿಯದೊಂದು ಪಟ್ಟಿ. ಸಿಟಿ ಬಸ್ಸಿನ ಡ್ರೈವರಾಗಿದ್ದ ಗಂಡ ಪಾಳಿಗೆ ಹೊರಡುವಾಗ ಅದರ ಮುಂದೆ ನಿಂತು, "ಇದ್ರಲ್ಲಿ ನನ್ನ ನಂಬರ್ ಎಷ್ಟು ಅಂತ ಹೇಳಿಬಿಡು, ಅಷ್ಟರೊಳಗೆ ಬಂದುಬಿಡ್ತೀನಿ" ಎಂದು ರೇಗಿಸುತ್ತಿದ್ದ.

ಆ ವರ್ಷ ಬಂದದ್ದು ಆಂಬುಲೆನ್ಸ್ ಕೆಲಸ. ನಗರದ ಆಂಬುಲೆನ್ಸ್ ಕೇಂದ್ರಕ್ಕೆ ಬರುವ ಕರೆಗಳನ್ನು ಅಲ್ಲಿಯವರೆಗೆ ದಪ್ಪ ರಿಜಿಸ್ಟರಿನಲ್ಲಿ ಬರೆದುಕೊಂಡು ವೈರ್‌ಲೆಸ್ಸಿನಲ್ಲಿ ಡ್ರೈವರಿಗೆ ಕೂಗಿ ಹೇಳುತ್ತಿದ್ದರು. ಇನ್ನು ಮುಂದೆ ಕಂಪ್ಯೂಟರಿನಲ್ಲಿ ವಿಳಾಸ ತುಂಬಿದರೆ ಸಾಕು, ಹತ್ತಿರದ ಗಾಡಿಯನ್ನು ಅದೇ ಹುಡುಕಿ ಡ್ರೈವರಿನ ಮುಂದಿನ ಪುಟ್ಟ ಪರದೆಗೆ ದಾರಿ ಕಳಿಸಬೇಕು. ಕೆಲಸಕ್ಕೆ ಎಂಟು ತಿಂಗಳ ಗಡುವು. ಉದ್ಘಾಟನೆಯ ದಿನ ಕೆಲಸ ಶುರುವಾಗುವ ಮೊದಲೇ ನಿಗದಿಯಾಗಿತ್ತು.

ಮೊದಲ ಹಂತ ಎಂದರೆ ಬಳಸುವವರನ್ನು ಕೇಳಿ ತಿಳಿಯುವುದು. ಪಟ್ಟಿಯಕ್ಕ ಮೂರು ವಾರ ಆ ಕೇಂದ್ರದಲ್ಲೇ ಕುರ್ಚಿ ಹಾಕಿಕೊಂಡು ಕೂತಳು. ಕಿಟಕಿಯಿಲ್ಲದ ಕೋಣೆ, ನಾಲ್ಕು ಟೇಬಲ್, ಎಂಟು ಫೋನು, ತಿರುಗುವಾಗ ಕಿರ್ರೆನ್ನುವ ಒಂದು ಫ್ಯಾನು. ಮೂಲೆಯ ಟೇಬಲ್ಲಿನಲ್ಲಿ ಇಪ್ಪತ್ತಾರು ವರ್ಷದಿಂದ ಕೂರುತ್ತಿದ್ದ ಹೆಂಗಸನ್ನು ಎಲ್ಲರೂ ಫೋನಮ್ಮ ಎನ್ನುತ್ತಿದ್ದರು. ಐವತ್ತೇಳು ವಯಸ್ಸು, ಸಣಕಲು ಮೈ, ಫೋನು ಹಿಡಿದೂ ಹಿಡಿದೂ ಎಡಕ್ಕೆ ವಾಲಿದ ಕತ್ತು. ಯಾರು ಎಷ್ಟು ಕಿರುಚಿಕೊಂಡು ಮಾತಾಡಿದರೂ ಅವಳ ದನಿ ಒಂದು ಕೂದಲೆಳೆಯಷ್ಟೂ ಏರುತ್ತಿರಲಿಲ್ಲ.

"ನೋಡಮ್ಮ, ಮನೇಲಿ ಯಾರೋ ಬಿದ್ದಾಗ ಜನಕ್ಕೆ ತಮ್ಮ ಹೆಸರೇ ನೆನಪಿರಲ್ಲ, ಇನ್ನು ಮನೆ ನಂಬರ್ ಎಲ್ಲಿ ನೆನಪಿರುತ್ತೆ?" ಎಂದಳು ಫೋನಮ್ಮ ಮೊದಲ ದಿನವೇ. "ನಂಬರ್ ಕೇಳಿದ್ರೆ ತಡವರಿಸ್ತಾರೆ. ಎದುರಿಗೆ ಏನು ಕಾಣುತ್ತೆ ಅಂತ ಕೇಳು, ತಕ್ಷಣ ಹೇಳ್ತಾರೆ. ನೀರಿನ ಟ್ಯಾಂಕು, ಮೂಲೆ ಅಂಗಡಿ, ಮುರಿದ ಗೇಟು. ನನ್ನ ರಿಜಿಸ್ಟರಲ್ಲಿ ನೋಡು, ವಿಳಾಸ ಅರ್ಧ ಸಾಲು, ಗುರುತು ಎರಡು ಸಾಲು."

"ಎರಡು ರಸ್ತೆಗೆ ಒಂದೇ ಹೆಸರು ಇರೋದುಂಟಾ ಅಮ್ಮ?"

"ಒಂದೇ ಹೆಸರಿನವು ಬೇಕಾದಷ್ಟಿವೆ. ರೈಲು ಹಳಿಯ ಈ ಕಡೆ ಒಂದು ಎರಡನೇ ಅಡ್ಡರಸ್ತೆ, ಆ ಕಡೆ ಒಂದು ಎರಡನೇ ಅಡ್ಡರಸ್ತೆ. ಹೆಸರಿಟ್ಟ ಪುಣ್ಯಾತ್ಮ ಮಧ್ಯಾಹ್ನ ಊಟ ಆದ್ಮೇಲೆ ಇಟ್ಟಿರಬೇಕು."

ಪಟ್ಟಿಯಕ್ಕ ನಗುತ್ತಲೇ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದಳು. ಮನೆಗೆ ಬಂದು ಗಂಡನಿಗೆ ಹೇಳಿದರೆ ಅವನಿಗೆ ಆಶ್ಚರ್ಯವೇ ಆಗಲಿಲ್ಲ. "ಟಾಕೀಸು ಕೆಡವಿ ಹನ್ನೆರಡು ವರ್ಷ ಆಯ್ತು. ಜನ ಇವತ್ತಿಗೂ ಟಾಕೀಸ್ ಸ್ಟಾಪ್ ಕೊಡಿ ಅಂತಾರೆ. ನಾನೂ ಕೊಡ್ತೀನಿ" ಎಂದ.

ವಿನ್ಯಾಸದ ಹಂತದಲ್ಲಿ ಪರದೆಯ ಮೇಲೆ ವಿಳಾಸದ ಕೆಳಗೆ ಗುರುತು ಬರೆಯುವುದಕ್ಕೆ ಒಂದು ಜಾಗ ಇತ್ತು. ಅವಳೇ ಗೀಚಿ ತೋರಿಸಿದ್ದಳು. ಆದರೆ ಕೋಡ್ ಬರೆಯುವ ಹಂತಕ್ಕೆ ಬಂದಾಗ ಮೊದಲ ಎರಡು ತಿಂಗಳು ನಕ್ಷೆಯ ಜೋಡಣೆಯಲ್ಲೇ ಹೋಯಿತು. ಗುರುತಿನ ಜಾಗ ಎಂದರೆ ಒಂದು ಖಾಲಿ ಚೌಕವಲ್ಲ; ಅದು ಡ್ರೈವರಿನ ಪರದೆಗೂ ಹೋಗಬೇಕು, ದನಿಯಲ್ಲಿ ಓದಬೇಕು, ಹಳೆಯ ಗುರುತುಗಳಿಂದ ಹುಡುಕುವಂತಿರಬೇಕು. ಮೂರು ವಾರದ ಕೆಲಸ ಎಂದರು ಹುಡುಗರು. ಪಟ್ಟಿಯಕ್ಕನ ಕೈಯಲ್ಲಿದ್ದದ್ದು ಐದು ದಿನ.

ಆಫೀಸಿನ ಡೈರೆಕ್ಟರ್ ಅವಳನ್ನು ತಮ್ಮ ಕೋಣೆಗೆ ಕರೆದರು. "ಮನೆ ನಂಬರ್ ಇದೆ, ರಸ್ತೆ ಇದೆ, ನಕ್ಷೆ ಇದೆ. ಇನ್ನೇನ್ರೀ ಬೇಕು? ಒಗ್ಗರಣೆ ಆಮೇಲೆ ಹಾಕೋಣ, ಮೊದಲು ಅನ್ನ ಬಡಿಸಿ" ಎಂದರು. ಅವಳು ವಾದ ಮಾಡಬಹುದಿತ್ತು. ಬೇರೆ ಕೆಲಸಗಳಲ್ಲಿ ಮಾಡಿದ್ದಳು ಕೂಡ. ಆದರೆ ತಡವಾಗದವಳು ಎಂಬ ಹೆಸರು ಹತ್ತು ವರ್ಷದಿಂದ ಜೊತೆಗಿತ್ತು, ಅದನ್ನು ಒಂದು ಚೌಕಕ್ಕಾಗಿ ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ಹೊರಗೆ ಬಂದು ಕೆಲಸದ ಪಟ್ಟಿಯಲ್ಲಿ ಗುರುತಿನ ಜಾಗದ ಸಾಲಿನ ಮುಂದೆ "ಎರಡನೇ ಆವೃತ್ತಿಗೆ" ಎಂದು ಬರೆದಳು. ಬರೆದ ಮೇಲೆ ಕಾಫಿಯನ್ನೂ ಕುಡಿದಳು. ಅದೊಂದು ದೊಡ್ಡ ನಿರ್ಧಾರ ಎಂದು ಅವತ್ತು ಅನ್ನಿಸಿರಲೇ ಇಲ್ಲ.

ಪರೀಕ್ಷೆಯ ಹಂತದಲ್ಲಿ ಅದು ಮತ್ತೆ ತಲೆಯೆತ್ತಿತು. ತಂಡದಲ್ಲಿ ತಪ್ಪು ಹುಡುಕುವ ಕೆಲಸ ಮೇಷ್ಟ್ರದು. ಹಿಂದೆ ಶಾಲೆಯಲ್ಲಿ ಗಣಿತ ಹೇಳುತ್ತಿದ್ದವರು, ಐವತ್ತು ದಾಟಿದ ಮನುಷ್ಯ, ಉತ್ತರಪತ್ರಿಕೆ ತಿದ್ದಿದ ಕೈಯಲ್ಲೇ ತಂತ್ರಾಂಶವನ್ನೂ ತಿದ್ದುತ್ತಿದ್ದರು. ಹುಡುಗರು ಅವರನ್ನು ಕಂಡರೆ ಪರೀಕ್ಷೆಗೆ ಬಂದವರ ಹಾಗೆ ಮುದುಡುತ್ತಿದ್ದರು. ಒಂದು ಮಧ್ಯಾಹ್ನ ಅವರು ಪಟ್ಟಿಯಕ್ಕನ ಟೇಬಲ್ಲಿಗೆ ಬಂದು ಒಂದು ಹಾಳೆ ಇಟ್ಟರು.

"ಒಂದೇ ಹೆಸರಿನ ರಸ್ತೆಗಳು ಹನ್ನೊಂದು ಜೊತೆ ಸಿಕ್ವು. ನಂಬರೂ ಒಂದೇ ಆದ್ರೆ ಇದು ಕೇಳೋದೇ ಇಲ್ಲ, ಪಟ್ಟಿಯಲ್ಲಿ ಮೊದಲು ಬಂದದ್ದನ್ನ ತಾನೇ ಹಿಡ್ಕೊಂಡುಬಿಡುತ್ತೆ. ಪಕ್ಕದಲ್ಲಿ ಎಳ್ಳಿನಷ್ಟು ಒಂದು ಬಾಣ ಇದೆ, ಅದನ್ನ ಒತ್ತಿದ್ರೆ ಇನ್ನೊಂದು ಕಾಣುತ್ತೆ. ಯಾರು ಒತ್ತುತ್ತಾರೆ?"

"ಎರಡನೇ ಆವೃತ್ತಿಲಿ ಗುರುತಿನ ಜಾಗ ಬರುತ್ತಲ್ಲ ಮೇಷ್ಟ್ರೇ, ಆಗ ಇದೂ ಸರಿಹೋಗುತ್ತೆ."

"ಅಲ್ಲಿವರೆಗೆ?"

"ಅಲ್ಲಿವರೆಗೆ ಬಾಣದ ವಿಷಯ ಕೈಪಿಡಿಲಿ ಬರೆಯೋಣ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ನನ್ನ ಕೆಲಸ ಹೇಳೋದು. ಹೇಳಿದ್ದೀನಿ" ಎಂದು ಹೋದರು. ಬಾಣದ ವಿಷಯ ಕೈಪಿಡಿಯ ಅರವತ್ತಮೂರನೇ ಪುಟದಲ್ಲಿ ಎರಡು ಸಾಲಾಗಿ ಬಂತು.

ತರಬೇತಿಯನ್ನು ಪಟ್ಟಿಯಕ್ಕ ಖುದ್ದಾಗಿ ಕೊಟ್ಟಳು. ಇಷ್ಟು ವರ್ಷ ಬರೆದು ಬರೆದು ಅಭ್ಯಾಸವಾದ ಕೈಗಳು ರಿಜಿಸ್ಟರನ್ನು ಬಿಡಲು ಒಪ್ಪುತ್ತಿರಲಿಲ್ಲ. ಅರ್ಧ ಇಲ್ಲಿ, ಅರ್ಧ ಅಲ್ಲಿ ಬರೆದರೆ ಯಾವುದೂ ಪೂರ್ತಿಯಾಗುವುದಿಲ್ಲ ಎಂದು ಅವಳು ಕಟ್ಟುನಿಟ್ಟು ಮಾಡಿದಳು. ಟೇಬಲ್ಲಿನ ಮೇಲೆ ಕಾಗದ ಬೇಡ. ಡ್ರೈವರಿಗೆ ಫೋನು ಬೇಡ, ಎಲ್ಲ ಪರದೆಯಲ್ಲೇ ಹೋಗಲಿ.

"ಗುರುತು ಎಲ್ಲಿ ಬರೀಲಮ್ಮ?" ಎಂದು ಕೇಳಿದಳು ಫೋನಮ್ಮ.

"ಸ್ವಲ್ಪ ದಿನ ತಾಳಿ ಅಮ್ಮ, ಬರುತ್ತೆ. ಸಿಸ್ಟಮ್ಮನ್ನ ನಂಬಿ."

"ನೀನು ಹೇಳಿದ್ಮೇಲೆ ನಂಬದೇ ಇರ್ತೀನಾ?" ಎಂದು ಫೋನಮ್ಮ ಡ್ರಾಯರಿನೊಳಗೆ ಪೆನ್ನನ್ನು ಹಾಕಿದಳು.

ಉದ್ಘಾಟನೆ ಹೇಳಿದ ದಿನವೇ ಆಯಿತು. ಕ್ಯಾಮೆರಾಗಳು ಬಂದವು, ಡೈರೆಕ್ಟರ್ ಭಾಷಣ ಮಾಡಿದರು. ಮೊದಲ ತಿಂಗಳು ಗಾಡಿಗಳು ಮೊದಲಿಗಿಂತ ಸರಾಸರಿ ನಾಲ್ಕು ನಿಮಿಷ ಬೇಗ ಮುಟ್ಟಿದವು. ಅದು ಸುಳ್ಳಲ್ಲ, ಎಷ್ಟೋ ಜೀವ ಉಳಿದದ್ದೂ ನಿಜ. ಪಟ್ಟಿಯಕ್ಕ ಮುಂದೆ ಎಷ್ಟೋ ಸಲ ಆ ನಾಲ್ಕು ನಿಮಿಷವನ್ನು ನೆನೆದು ಸಮಾಧಾನ ಮಾಡಿಕೊಳ್ಳಲು ನೋಡಿದ್ದುಂಟು.

ಏಳನೇ ವಾರ, ಒಂದು ಬುಧವಾರ ಹನ್ನೊಂದೂವರೆ ಗಂಟೆಗೆ ಕರೆ ಬಂತು. ಬಡಗಿಯೊಬ್ಬ ಮನೆಯ ಮುಂದಿನ ಕೊಟ್ಟಿಗೆಯಂಥ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಾಗ ಕುಸಿದುಬಿದ್ದಿದ್ದ. ಬಾಯಿ ಸೊಟ್ಟಗಾಗಿತ್ತು, ಮಾತು ತೊದಲುತ್ತಿತ್ತು. ಕರೆ ಮಾಡಿದವಳು ಅವನ ಮಗಳು. "ಎರಡನೇ ಅಡ್ಡರಸ್ತೆ, ನಲವತ್ತೊಂದು. ನೂಲಿನ ಗಿರಣಿ ಹಿಂದೆ, ಟೈರ್ ಅಂಗಡಿ ಎದುರು. ಬೇಗ ಬನ್ನಿ" ಎಂದಳು. ಫೋನನ್ನು ಎತ್ತಿದವಳು ಫೋನಮ್ಮ. ರಸ್ತೆ ತುಂಬಿದಳು, ನಂಬರ್ ತುಂಬಿದಳು. ಗಿರಣಿಯನ್ನೂ ಟೈರ್ ಅಂಗಡಿಯನ್ನೂ ತುಂಬಲು ಜಾಗವಿರಲಿಲ್ಲ. ಪರದೆ ಹಸಿರಾಯಿತು, ಗಾಡಿ ಹೊರಟಿತು.

ಗಾಡಿ ಹೋದದ್ದು ಹಳಿಯ ಈಚೆಗಿನ ಎರಡನೇ ಅಡ್ಡರಸ್ತೆಗೆ. ಅಲ್ಲಿನ ನಲವತ್ತೊಂದನೇ ಮನೆಗೆ ಬೀಗ ಹಾಕಿತ್ತು. ಡ್ರೈವರ್ ಬಾಗಿಲು ಬಡಿದ, ಅಕ್ಕಪಕ್ಕ ಕೇಳಿದ, ಕೊನೆಗೆ ಕೇಂದ್ರಕ್ಕೆ ಫೋನು ಮಾಡಿದ. ತಪ್ಪು ತಿಳಿದು ತಿರುಗುವಷ್ಟರಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಬಡಗಿಯನ್ನು ಎತ್ತಿಕೊಂಡಾಗ ಬೇಕಾಗಿದ್ದಕ್ಕಿಂತ ಇಪ್ಪತ್ತಾರು ನಿಮಿಷ ಹೆಚ್ಚಾಗಿತ್ತು. ಜೀವ ಉಳಿಯಿತು. ಬಲಗೈಯ ಸ್ವಾಧೀನ ಉಳಿಯಲಿಲ್ಲ, ಮಾತೂ ಪೂರ್ತಿ ಮರಳಲಿಲ್ಲ. ಇನ್ನೊಂದಿಷ್ಟು ಬೇಗ ತಂದಿದ್ದರೆ ಕೈ ಬರುವ ಸಾಧ್ಯತೆ ಇತ್ತು ಎಂದು ಡಾಕ್ಟರ್ ಬರೆದುಕೊಟ್ಟರು.

ವಿಚಾರಣೆ ನಡೆಯಿತು. ಉದ್ದನೆಯ ಟೇಬಲ್ಲು, ಐದು ಜನ, ಎಲ್ಲರ ಮುಂದೂ ನೀರಿನ ಬಾಟಲಿ. ಒಳಗೆ ಹೋಗುವ ಮುಂಚೆ ಡೈರೆಕ್ಟರ್ ಅವಳ ಪಕ್ಕಕ್ಕೆ ಬಂದು, "ಕೇಳಿದ್ದಕ್ಕಷ್ಟೇ ಉತ್ತರ ಕೊಡಿ. ಮೈಮೇಲೆ ಎಳ್ಕೊಳ್ಳೋದು ಬೇಡ" ಎಂದಿದ್ದರು. ಫೋನಮ್ಮ ಎದುರಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮೇಷ್ಟ್ರು ಹಿಂದಿನ ಸಾಲಿನಲ್ಲಿದ್ದರು, ತೊಡೆಯ ಮೇಲೆ ಒಂದು ಫೈಲು.

"ಆ ದಿನ ಅಪ್ಲಿಕೇಶನ್ ಕೆಟ್ಟಿತ್ತಾ?" ಎಂದು ಅಧ್ಯಕ್ಷರು ಕೇಳಿದರು.

"ಇಲ್ಲ ಸರ್. ವಿನ್ಯಾಸದಲ್ಲಿ ಹೇಗಿತ್ತೋ ಹಾಗೇ ಕೆಲಸ ಮಾಡಿದೆ."

"ಎರಡು ರಸ್ತೆಗಳಲ್ಲಿ ಸರಿಯಾದ್ದನ್ನ ಆರಿಸೋ ಅವಕಾಶ ಆಪರೇಟರಿಗೆ ಇತ್ತಾ?"

ಪಟ್ಟಿಯಕ್ಕ ಎದುರಿನ ಸಾಲಿನ ಕಡೆ ನೋಡಲಿಲ್ಲ. "ಇತ್ತು ಸರ್. ಕೈಪಿಡಿಯಲ್ಲಿ ಅದರ ವಿವರಣೆ ಇದೆ."

"ಈಯಮ್ಮನಿಗೆ ತರಬೇತಿ ಕೊಟ್ಟಿದ್ದಿರಾ?"

"ಕೊಟ್ಟಿದ್ವಿ ಸರ್."

ಅಷ್ಟೇ. ಇನ್ನೇನಾದರೂ ಹೇಳುವುದಿದೆಯೇ ಎಂದು ಅಧ್ಯಕ್ಷರು ಒಂದು ಗಳಿಗೆ ಕಾದರು. ಆ ಒಂದು ಗಳಿಗೆಯಲ್ಲಿ ಫ್ಯಾನಿನ ಸದ್ದು, ಯಾರೋ ಬಾಟಲಿಯ ಮುಚ್ಚಳ ತಿರುಗಿಸಿದ ಸದ್ದು, ಎಲ್ಲ ಅವಳಿಗೆ ಕೇಳಿಸಿತು. ಅವಳು ತಲೆ ತಗ್ಗಿಸಿದಳು. ಅವರು ಮುಂದಿನ ಪ್ರಶ್ನೆಗೆ ಹೋದರು. ಫೋನಮ್ಮನನ್ನು ಕೇಳಿದಾಗ ಅವಳು, "ನಾನು ಬಾಣ ನೋಡ್ಲಿಲ್ಲ ಸರ್, ತಪ್ಪಾಯ್ತು" ಎಂದಳು, ಅದೇ ಏರದ ದನಿಯಲ್ಲಿ.

ವರದಿಯಲ್ಲಿ ಆಪರೇಟರಿನ ಅಜಾಗರೂಕತೆ ಎಂದು ಬಂತು. ಫೋನಮ್ಮನನ್ನು ಫೋನಿನಿಂದ ಎಬ್ಬಿಸಿ ಉಗ್ರಾಣಕ್ಕೆ ಹಾಕಿದರು.

ಮೆಟ್ಟಿಲಿಳಿಯುವಾಗ ಮೇಷ್ಟ್ರು ಅವಳ ಹಿಂದೆಯೇ ಬಂದರು. "ಫೈಲು ತಂದಿದ್ದೆ. ನೀವೇ ಹೇಳ್ತೀರಿ ಅಂತ ಕಾದೆ" ಎಂದರು. "ನನ್ನದೂ ತಪ್ಪೇ. ನಾನೇ ಎದ್ದು ನಿಲ್ಲಬೇಕಿತ್ತು." ಆಮೇಲೆ ಅವರು ಅವಳ ಜೊತೆ ಕಾಫಿಗೆ ಬರುವುದನ್ನು ಬಿಟ್ಟರು. ಸಿಟ್ಟು ಮಾಡಲಿಲ್ಲ, ದೂರಲಿಲ್ಲ. ಪಟ್ಟಿಯಕ್ಕ ಎನ್ನುತ್ತಿದ್ದವರು ಮೇಡಂ ಎನ್ನತೊಡಗಿದರು, ಅಷ್ಟೇ.

ಒಂದು ಭಾನುವಾರ ಗಂಡ ವರಾಂಡದಲ್ಲಿ ಕೂತು ಡ್ಯೂಟಿ ಶೂಗೆ ಪಾಲಿಶ್ ಹಾಕುತ್ತಿದ್ದ. ಅವಳು ಪಕ್ಕದಲ್ಲಿ ತಟ್ಟೆ ಹಿಡಿದು ಕೂತು, ತಿನ್ನದೆ ಬೆರಳಾಡಿಸುತ್ತಿದ್ದಳು.

"ಸುಳ್ಳು ಹೇಳಿದ್ಯಾ?" ಎಂದ.

"ಇಲ್ಲ ರೀ. ಒಂದು ಮಾತೂ ಸುಳ್ಳಲ್ಲ."

"ಮತ್ಯಾಕೆ ಊಟ ಸೇರ್ತಿಲ್ಲ?"

ಅವನು ಇನ್ನೊಂದು ಶೂ ಎತ್ತಿಕೊಂಡ. "ನಾನು ಬ್ರೇಕ್ ಹಾಕದೆ ಯಾರಿಗಾದ್ರೂ ಗುದ್ದಿ, ಕೇಳಿದಾಗ ಬಸ್ ಚೆನ್ನಾಗೇ ಇತ್ತು ಸರ್ ಅಂದ್ರೆ, ಅದೂ ನಿಜಾನೇ ಅಲ್ವಾ?" ಎಂದು ಶೂವಿಗೇ ಹೇಳಿದವನಂತೆ ಹೇಳಿದ. ಅವಳು ತಟ್ಟೆ ತೆಗೆದುಕೊಂಡು ಒಳಗೆ ಹೋದಳು. ಮೂರು ದಿನ ಅವನ ಜೊತೆ ಸರಿಯಾಗಿ ಮಾತಾಡಲಿಲ್ಲ. ನಿಜ ಹೇಳಿದವನ ಮೇಲೆ ಬಂದ ಸಿಟ್ಟು ಬೇಗ ಇಳಿಯುವುದಿಲ್ಲ.

ನಾಲ್ಕು ತಿಂಗಳಿಗೆ ಎರಡನೇ ಆವೃತ್ತಿ ಹೋಯಿತು. ಗುರುತಿನ ಜಾಗ ಈಗ ವಿಳಾಸಕ್ಕಿಂತ ಮೇಲೆಯೇ ಇತ್ತು. ಅಂಥ ಅವಘಡದ ನಂತರ ಯಾರೂ ಮೂರು ವಾರ ಜಾಸ್ತಿ ಎನ್ನಲಿಲ್ಲ. ಡೈರೆಕ್ಟರ್ ಎಲ್ಲರೆದುರು ಅವಳ ಕೈಕುಲುಕಿದರು. ಕೆಟ್ಟ ಮೇಲೆ ಬಂದ ಬುದ್ಧಿಗೆ ಸಿಕ್ಕ ಚಪ್ಪಾಳೆಯನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ.

ಯೋಜನೆ ಮುಗಿದ ಮೇಲೆ ಕಲಿತ ಪಾಠಗಳ ವರದಿ ಬರೆಯುವುದು ವಾಡಿಕೆ. ಅದಕ್ಕೆಂದು ಅವಳು ಹಳೆಯ ನೋಟ್‌ಬುಕ್ಕು ತೆಗೆದಳು. ಮೊದಲ ಪುಟದಲ್ಲೇ ತನ್ನ ದುಂಡಗಿನ ಅಕ್ಷರದಲ್ಲಿ ಇತ್ತು: ಹಳಿಯ ಈ ಕಡೆ ಒಂದು, ಆ ಕಡೆ ಒಂದು. ಕೆಳಗೆ ಎರಡು ಗೆರೆ. ಯಾವ ಅಪಘಾತ ಆಗುತ್ತದೆ, ಯಾವ ರಸ್ತೆಯಲ್ಲಿ ಆಗುತ್ತದೆ ಎಂಬುದನ್ನು ಫೋನಮ್ಮ ಹತ್ತು ತಿಂಗಳು ಮೊದಲೇ ಹೇಳಿದ್ದಳು. ಪಟ್ಟಿಯಕ್ಕ ನೋಟ್‌ಬುಕ್ಕು ಮುಚ್ಚಿದಳು. ಅವತ್ತು ಅರ್ಧ ದಿನ ರಜೆ ಹಾಕಿ ಗಂಡನದಲ್ಲದ ಬೇರೆ ಬಸ್ಸು ಹತ್ತಿದಳು.

ಮೊದಲು ಹೋದದ್ದು ಹಳಿಯಾಚೆಗೆ. ಟೈರ್ ಅಂಗಡಿಯ ಮುಂದೆ ನಿಂತು ನೋಡಿದಳು. ಎದುರಿನ ಕಾರ್ಖಾನೆಯಲ್ಲಿ ಬಡಗಿ ಗೋಡೆಗೊರಗಿ ಸ್ಟೂಲಿನ ಮೇಲೆ ಕೂತಿದ್ದ, ಬಲಗೈ ತೊಡೆಯ ಮೇಲೆ ಇಟ್ಟ ಸಾಮಾನಿನ ಹಾಗೆ ಬಿದ್ದಿತ್ತು. ಮಗಳು ಉಜ್ಜುಗೊರಡು ಹಿಡಿದು ಹಲಗೆ ಉಜ್ಜುತ್ತಿದ್ದಳು. ಕೈ ತಪ್ಪಿದಾಗಲೆಲ್ಲ ಅವನು ಎಡಗೈಯಿಂದ ಗಾಳಿಯಲ್ಲಿ ತೋರಿಸುತ್ತಿದ್ದ, ಹೀಗೆ, ಹೀಗೆ. ರಸ್ತೆ ದಾಟುವುದಕ್ಕೆ ಹತ್ತು ಹೆಜ್ಜೆ. ಪಟ್ಟಿಯಕ್ಕ ದಾಟಲಿಲ್ಲ. ಏನು ಹೇಳುವುದು ಎಂದು ಯೋಚಿಸುತ್ತ ನಿಂತವಳು ಟೈರ್ ಅಂಗಡಿಯವನು "ಏನು ಬೇಕಿತ್ತಮ್ಮ?" ಎಂದಾಗ ಏನೂ ಇಲ್ಲವೆಂದು ತಲೆಯಾಡಿಸಿ ಹೊರಟುಬಿಟ್ಟಳು.

ಅಲ್ಲಿಂದ ಉಗ್ರಾಣಕ್ಕೆ ಹೋದಳು. ಆಂಬುಲೆನ್ಸ್ ಕೇಂದ್ರದ ಹಿಂಭಾಗದಲ್ಲಿ ತಗಡಿನ ಮಾಡಿನ ಉದ್ದ ಕೋಣೆ. ಫೋನಮ್ಮ ಸ್ಟ್ರೆಚರಿನ ಹೊದಿಕೆಗಳನ್ನು ಮಡಿಸಿ ಹತ್ತರ ಕಟ್ಟು ಮಾಡುತ್ತಿದ್ದಳು. ಫೋನಿಲ್ಲದಿದ್ದರೂ ಕತ್ತು ಎಡಕ್ಕೇ ವಾಲಿತ್ತು.

"ಕೂತ್ಕೊಳ್ಳಿ ಮೇಡಂ" ಎಂದು ಒಂದು ಪೆಟ್ಟಿಗೆ ತೋರಿಸಿದಳು. ಆ ಬಹುವಚನವೇ ಪಟ್ಟಿಯಕ್ಕನಿಗೆ ಮೊದಲ ಏಟಿನಂತೆ ಬಿತ್ತು.

"ಅಮ್ಮ, ಆ ದಿನದ ವಿಷಯ..."

"ನಾನೇ ಮಾಡ್ಕೊಂಡಿದ್ದು ಬಿಡಿ" ಎಂದಳು ಫೋನಮ್ಮ, ಕೈ ನಿಲ್ಲಿಸದೆ. "ಆ ಹುಡುಗಿ ಗಿರಣಿ ಹಿಂದೆ ಅಂದಾಗಲೇ ನಂಗೆ ಗೊತ್ತಾಯ್ತು, ಅದು ಆಚೆ ಕಡೆದು ಅಂತ. ಪರದೆ ಹಸಿರಾಯ್ತು. ಹಸಿರಾದ್ಮೇಲೆ ಅದಕ್ಕೂ ಗೊತ್ತಿದೆ ಅಂದ್ಕೊಂಡೆ. ಡ್ರೈವರಿಗೆ ಒಂದು ಫೋನ್ ಮಾಡೋಣ ಅಂತ ಕೈ ಹೋಗಿತ್ತು. ಮಾಡಬಾರದು ಅಂದಿದ್ರಲ್ಲ ಅಂತ ಹಿಂದಕ್ಕೆ ತಗೊಂಡೆ. ಆ ಕೈ ಹಿಂದಕ್ಕೆ ತಗೊಂಡಿದ್ದೇ ದಿನಾ ಕಣ್ಣಿಗೆ ಕಟ್ಟುತ್ತೆ."

ಪಟ್ಟಿಯಕ್ಕ ಎಲ್ಲವನ್ನೂ ಹೇಳಿದಳು. ಗುರುತಿನ ಜಾಗ ವಿನ್ಯಾಸದಲ್ಲಿ ಇದ್ದದ್ದು, ಅದನ್ನು ತಾನೇ ತೆಗೆದದ್ದು, ಮೇಷ್ಟ್ರು ಇದೇ ತಪ್ಪನ್ನು ಮೊದಲೇ ಹಿಡಿದುಕೊಟ್ಟದ್ದು, ವಿಚಾರಣೆಯಲ್ಲಿ ಎಲ್ಲ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡದ್ದು. ಫೋನಮ್ಮನ ಕೈ ನಿಂತಿತ್ತು.

"ಹಾಗಾದ್ರೆ ಇದು ಹೀಗಾಗುತ್ತೆ ಅಂತ ನಿಮಗೆ ಮೊದಲೇ ಗೊತ್ತಿತ್ತು."

"ಗೊತ್ತಿತ್ತು ಅಮ್ಮ."

"ಐದು ತಿಂಗಳಿಂದ ನಾನು ಆ ಮನೆಯವರಿಗೆ ಮುಖ ತೋರಿಸೋದು ಹೇಗೆ ಅಂತ ಒದ್ದಾಡ್ತಾ ಇದ್ದೀನಿ. ನನ್ನ ಸೊಸೆ, ಅತ್ತೆ ಕಿವಿ ಮಂದ ಆಗಿದೆ ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದ್ಳು. ನಾನೂ ಆಗಿರಬೇಕು ಅಂದ್ಕೊಂಡೆ." ಮೊದಲ ಬಾರಿಗೆ ಅವಳ ದನಿ ಏರಿತು. "ಇಪ್ಪತ್ತಾರು ವರ್ಷ ಕೆಲಸ ಮಾಡಿದ ಕಿವಿ ಇದು! ನೀವು ಒಂದು ಮಾತು ಅಂದಿದ್ರೆ ಆಗ್ತಿತ್ತು. ಒಂದೇ ಒಂದು ಮಾತು!"

"ತಪ್ಪಾಯ್ತು ಅಮ್ಮ."

"ಹೋಗಿ ಮೇಡಂ. ನಂಗಿನ್ನೂ ಅರವತ್ತು ಹೊದಿಕೆ ಮಡಿಸೋದಿದೆ."

ಮರುದಿನ ಪಟ್ಟಿಯಕ್ಕ ವಿಚಾರಣೆಯ ಅಧ್ಯಕ್ಷರಿಗೆ ಮೂರು ಪುಟದ ಪತ್ರ ಬರೆದಳು. ನೋಟ್‌ಬುಕ್ಕಿನ ಪುಟವನ್ನೂ, "ಎರಡನೇ ಆವೃತ್ತಿಗೆ" ಎಂದು ತಾನು ಬರೆದ ದಾಖಲೆಯನ್ನೂ ಲಗತ್ತಿಸಿದಳು. ಮೇಷ್ಟ್ರಿಗೆ ತೋರಿಸಿದಾಗ ಅವರು ಓದಿ, ಒಂದು ಕಡೆ ತಾರೀಕು ತಪ್ಪಾಗಿದ್ದದ್ದನ್ನು ತಿದ್ದಿ, ಅವಳ ಸಹಿಯ ಕೆಳಗೆ ತಮ್ಮದನ್ನೂ ಹಾಕಿದರು. ಡೈರೆಕ್ಟರಿಗೆ ಗೊತ್ತಾಗಿ, "ಮುಗಿದ ಕಥೆ ಯಾಕ್ರೀ ಕೆದಕ್ತೀರಿ?" ಎಂದು ಕೂಗಾಡಿದರು. ತಿಂಗಳೊಳಗೆ ಅವಳನ್ನು ತಂಡದ ಮುಖ್ಯಸ್ಥೆಯ ಜಾಗದಿಂದ ತೆಗೆದು, ಹಳೆಯ ತಂತ್ರಾಂಶಗಳ ಸಣ್ಣಪುಟ್ಟ ರಿಪೇರಿ ನೋಡುವ ವಿಭಾಗಕ್ಕೆ ಹಾಕಿದರು.

ವರದಿ ತಿದ್ದಿಸಿಕೊಳ್ಳಲು ಮತ್ತೆ ಆರು ತಿಂಗಳು ಹಿಡಿಯಿತು. ಆಪರೇಟರಿನ ಅಜಾಗರೂಕತೆ ಎಂಬ ಸಾಲನ್ನು ಹೊಡೆದುಹಾಕಿದರು. ಬಡಗಿಯ ಮನೆಯವರಿಗೆ ತಿದ್ದಿದ ವರದಿಯ ಪ್ರತಿ ಹೋಯಿತು. ಅವರಿಂದ ಯಾವ ಉತ್ತರವೂ ಬರಲಿಲ್ಲ. ಫೋನಮ್ಮನಿಗೆ ಹಳೆಯ ಕುರ್ಚಿಗೇ ಮರಳಬಹುದು ಎಂದು ಆದೇಶ ಬಂತು. ಅವಳು ಒಂದೇ ಒಂದು ದಿನ ಹೋಗಿ ಕೂತಳಂತೆ. ಫೋನು ಬಡಿದುಕೊಂಡಾಗ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು, ಪಕ್ಕದವಳು ಎತ್ತಬೇಕಾಯಿತು. ತಾನೇ ಬರೆದುಕೊಟ್ಟು ಉಗ್ರಾಣಕ್ಕೆ ವಾಪಸ್ಸಾದಳು. ನಿವೃತ್ತಿಗೆ ಆಗ ಉಳಿದಿದ್ದದ್ದು ಎರಡು ತಿಂಗಳು.

ಆ ನಿವೃತ್ತಿಯ ಸಣ್ಣ ಸಮಾರಂಭಕ್ಕೆ ಮೇಷ್ಟ್ರಿಗೆ ಕರೆಯಿತ್ತು. ಪಟ್ಟಿಯಕ್ಕನಿಗೆ ಇರಲಿಲ್ಲ. ಅವಳು ಆ ದಿನ ಒಂದು ಹಳೆಯ ತಂತ್ರಾಂಶದಲ್ಲಿ ತಾರೀಕು ತಪ್ಪಾಗಿ ಬರುವುದನ್ನು ಸರಿಮಾಡುತ್ತ, ಐದು ನಿಮಿಷಕ್ಕೊಮ್ಮೆ ಬಾಗಿಲ ಕಡೆ ನೋಡುತ್ತ ಕೂತಿದ್ದಳು. ಮೇಷ್ಟ್ರು ಮೂರು ಗಂಟೆಗೆ ಬಂದರು. ವಿಚಾರಣೆಯಾದ ಮೇಲೆ ಮೊದಲ ಸಲ, ಕೇಳದೆಯೇ, ಅವಳ ಟೇಬಲ್ಲಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು.

"ಜನ ಸೇರಿದ್ರಾ?"

"ಸೇರಿದ್ರು. ಡ್ರೈವರುಗಳೆಲ್ಲ ಬಂದಿದ್ರು. ಒಬ್ಬ ಅತ್ತೇಬಿಟ್ಟ. ಆಯಮ್ಮ ಎರಡು ಮಾತಾಡಿದ್ರು. ಹಳೆಯ ದಿನಗಳು, ರಿಜಿಸ್ಟರು, ಮಳೆಗಾಲದಲ್ಲಿ ಲೈನು ಕೆಟ್ಟಾಗ ಪಟ್ಟ ಪಾಡು. ನಗಿಸಿದ್ರು."

ಅವಳು ಕೀಬೋರ್ಡಿನ ಮೇಲಿದ್ದ ಕೈಗಳನ್ನು ತೆಗೆದಳು. "ನನ್ನ ವಿಷಯ ಏನಾದ್ರೂ ಅಂದ್ರಾ ಮೇಷ್ಟ್ರೇ?"

ಒಳ್ಳೆಯದೇನಾದರೂ ಹೇಳಿಬಿಡೋಣ ಎಂದು ಮೇಷ್ಟ್ರಿಗೆ ಅನ್ನಿಸಿದ್ದು ಮುಖದಲ್ಲೇ ಕಂಡಿತು. ಆದರೆ ಅವರು ಸುಳ್ಳು ಮಾರ್ಕು ಹಾಕಿದವರಲ್ಲ.

"ಇಲ್ಲ" ಎಂದರು. "ಏನೂ ಅನ್ಲಿಲ್ಲ."

ಅವಳು ತಲೆಯಾಡಿಸಿದಳು. ಮೇಷ್ಟ್ರು ಎದ್ದು ಹೋಗಿ ಎರಡು ಲೋಟ ಕಾಫಿ ತಂದರು, ಒಂದನ್ನು ಅವಳ ಮುಂದಿಟ್ಟರು. ಇಬ್ಬರೂ ಕುಡಿದರು.